ಜೀಪು ಬರುವ ಮೊದಲೇ ಉಂಡವಳು

ನಮ್ಮ ಮನೆಯಲ್ಲಿ ಚಿಂತೆ ಮಾಡುವುದು ಹೆಂಗಸರ ಕೆಲಸವಾಗಿತ್ತು. ಕೊಟ್ಟಿಗೆ ಗುಡಿಸುವುದು, ಕಣದಲ್ಲಿ ಕಾಫಿ ಕೆದಕುವುದು, ಹಂಡೆಗೆ ನೀರು ತುಂಬುವುದು ಇದ್ದ ಹಾಗೆ ಅದೂ ಒಂದು. ಬೇರೆ ಕೆಲಸವನ್ನಾದರೆ ಮುಗಿಸಿ ಕೈ ತೊಳೆದುಕೊಳ್ಳಬಹುದು, ಇದನ್ನು ಮುಗಿಸುವ ಹಾಗಿರಲಿಲ್ಲ. ಮುಗಿಸಿದವಳಿಗೆ ಗಂಡನ ಮೇಲೆ ಪ್ರೀತಿಯಿಲ್ಲ ಎಂದೇ ಲೆಕ್ಕ. ನನಗೆ ಗಂಡನ ಮೇಲೆ ಪ್ರೀತಿಯಿತ್ತು, ಈಗಲೂ ಇದೆ. ಆದರೂ ಒಂದು ಸಂಜೆ ನಾನು ಆ ಕೆಲಸ ಬಿಟ್ಟೆ. ಅದಕ್ಕೆ ಊರಿನವರು ಅಂದದ್ದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಈಗ ನಾನು ಹೇಳುವುದನ್ನು ಅವರೂ ಸ್ವಲ್ಪ ಕೇಳಿಸಿಕೊಳ್ಳಲಿ.

ನಾನು ಮಗ್ಗೆ ಎಂಬ ಊರಿನ ಕಡೆಯವಳು. ತೊಂಬತ್ತರ ದಶಕದ ಮೊದಲಲ್ಲಿ ವನಗೂರಿನಿಂದಲೂ ಮೇಲಿದ್ದ ಒಂದು ಗುಡ್ಡದ ಮನೆಗೆ ಸೊಸೆಯಾಗಿ ಹೋದೆ. ಸ್ವಲ್ಪ ಕಾಫಿ, ಸ್ವಲ್ಪ ಏಲಕ್ಕಿ, ಜೊತೆಗೆ ಒಂದು ಜೀಪು. ನಮ್ಮ ಯಜಮಾನರು ಆ ಜೀಪನ್ನು ಬಾಡಿಗೆಗೆ ಓಡಿಸುತ್ತಿದ್ದರು. ಬೆಳಿಗ್ಗೆ ಗುಡ್ಡದ ಜನರನ್ನು ತುಂಬಿಕೊಂಡು ಸಕಲೇಶಪುರಕ್ಕೆ ಇಳಿಯುವುದು, ಸಂಜೆ ಅವರನ್ನೂ ಅವರ ಅಕ್ಕಿ ಮೂಟೆ, ಸೀಮೆಎಣ್ಣೆ ಕ್ಯಾನು, ಗೊಬ್ಬರದ ಚೀಲಗಳನ್ನೂ ಹೇರಿಕೊಂಡು ಹತ್ತುವುದು. ಒಳಗೆ ಜಾಗ ಸಾಲದೆ ಹಿಂದುಗಡೆ ಜನ ನೇತಾಡುತ್ತಿದ್ದರು. ಇನ್ನು ರಸ್ತೆಯೋ, ಅದನ್ನು ರಸ್ತೆ ಎಂದವರ ಬಾಯಿಗೆ ಸಕ್ಕರೆ ಹಾಕಬೇಕು. ಒಂದು ಕಡೆ ಗುಡ್ಡ ಕಡಿದ ಮಣ್ಣಿನ ದರೆ, ಇನ್ನೊಂದು ಕಡೆ ಕಣಿವೆ. ಚಳಿಗಾಲ ಬಂತೆಂದರೆ ಸಂಜೆಯಾಗುತ್ತಲೇ ಮಂಜು ಕವಿಯುತ್ತಿತ್ತು. ಅದು ಸಾಲದೆಂದು ಆನೆ ಬೇರೆ. ದಾರಿಯ ನಡುವೆ ಆನೆ ನಿಂತಿತೆಂದರೆ ಅದಕ್ಕೆ ಮನಸ್ಸು ಬರುವ ತನಕ ಜೀಪು ಆಫ್ ಮಾಡಿಕೊಂಡು ಉಸಿರು ಬಿಗಿಹಿಡಿದು ಕೂರಬೇಕು. ಆ ಮನೆಗಳಿಗೆ ಆಗ ಫೋನು ಬಂದಿರಲಿಲ್ಲ. ಜೀಪು ಯಾಕೆ ತಡವಾಯಿತು ಎಂದು ತಿಳಿಯುತ್ತಿದ್ದುದು ಜೀಪು ಬಂದ ಮೇಲೆಯೇ.

ಮನೆಯ ಕಟ್ಟಳೆ ನನಗೆ ಹೋದ ಹೊಸದರಲ್ಲೇ ತಿಳಿಯಿತು. ಗುಡ್ಡ ಇಳಿದುಹೋದ ಗಂಡಸು ವಾಪಸು ಬಂದು ಕಾಲು ತೊಳೆಯುವ ತನಕ ಮನೆಯ ಹೆಂಗಸರು ತುತ್ತು ಎತ್ತುವ ಹಾಗಿಲ್ಲ. ಮಕ್ಕಳಿಗೆ ಮಾತ್ರ ಮಾಫಿ. ಕಡುಬು ಬೆಂದಿರುತ್ತಿತ್ತು, ಕಾಳು ಸಾರು ಕುದ್ದಿರುತ್ತಿತ್ತು, ಅದರ ವಾಸನೆ ಅಂಗಳದ ತನಕ ಬರುತ್ತಿತ್ತು. ನಾನು ಮತ್ತು ಅತ್ತೆ ಉಣಗೋಲಿನ ಹತ್ತಿರ, ದಾರಿಗೆ ಅಡ್ಡ ಕೊಟ್ಟಿದ್ದ ಆ ಬಿದಿರ ಗಳುಗಳಿಗೆ ಒರಗಿಕೊಂಡು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆವು. ಕೆಳಗಿನ ತಿರುವಿನಲ್ಲಿ ಸದ್ದು ಕೇಳಿಸಿದರೆ ಅತ್ತೆ ಕತ್ತು ಓರೆ ಮಾಡಿ ಆಲಿಸುತ್ತಿದ್ದರು.

“ಅದು ನಮ್ದಲ್ಲ ಕಣೆ. ಎಸ್ಟೇಟಿನ ಟ್ರ್ಯಾಕ್ಟರು.”

ಆಮೇಲೆ ಹರಕೆ ಶುರುವಾಗುತ್ತಿತ್ತು. ಒಂದು ದೇವರಿಗೆ ಕಾಯಿ, ಇನ್ನೊಂದಕ್ಕೆ ಎಣ್ಣೆ, ಮತ್ತೊಂದಕ್ಕೆ ಕೋಳಿ. ಜೀಪು ತಡವಾದಷ್ಟೂ ದೇವರುಗಳು ಹೆಚ್ಚುತ್ತಿದ್ದವು. ನಾನೂ ಅವರ ಜೊತೆ ಕೈಮುಗಿಯುತ್ತಿದ್ದೆ, ನಿಜ. ಆದರೆ ಹಸಿದು ನಿಂತವಳಿಗೆ ಬರುವುದು ಭಕ್ತಿಯಲ್ಲ, ಸಿಟ್ಟು. ಯಜಮಾನರು ಬಂದು, ಸ್ನಾನ ಮಾಡಿ, ಉಂಡು ಎದ್ದ ಮೇಲೆ ನಮ್ಮ ತಟ್ಟೆಗೆ ಬೀಳುತ್ತಿದ್ದ ಕಡುಬು ಗಟ್ಟಿಯಾಗಿ ಚೆಂಡಿನ ಹಾಗೆ ಉರುಳುತ್ತಿತ್ತು. ಮದುವೆಯಾಗಿ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಆ ಮನೆಯಲ್ಲಿ ರಾತ್ರಿ ಹೊತ್ತು ಒಂದು ಬಿಸಿ ಕಡುಬು ತಿಂದವಳಲ್ಲ ನಾನು.

ಇಷ್ಟೇ ಆಗಿದ್ದರೆ ನಾನೂ ಎಲ್ಲರ ಹಾಗೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆನೇನೋ. ಆದರೆ ಅತ್ತೆಗೆ ಸಕ್ಕರೆ ಕಾಯಿಲೆ ಶುರುವಾಯಿತು. ಸಕಲೇಶಪುರದ ಡಾಕ್ಟರು ಗುಳಿಗೆ ಬರೆದುಕೊಟ್ಟು, ಸಂಜೆ ಏಳು ಗಂಟೆಗೆ ತಪ್ಪದೆ ನುಂಗಬೇಕು, ನುಂಗಿದ ಅರ್ಧ ಗಂಟೆಯೊಳಗೆ ಊಟ ಮಾಡಬೇಕು ಎಂದು ಬಿಡಿಸಿ ಹೇಳಿದ್ದರು. ಅತ್ತೆ ಇದರಲ್ಲಿ ಅರ್ಧ ಮಾತನ್ನು ಮಾತ್ರ ಪಾಲಿಸಿದರು. ಏಳು ಗಂಟೆಗೆ ಗುಳಿಗೆ ನುಂಗುತ್ತಿದ್ದರು, ಡಾಕ್ಟರ ಮಾತು ಮೀರಬಾರದಲ್ಲ. ಊಟ ಮಾತ್ರ ಜೀಪು ಬಂದ ಮೇಲೆ, ಮನೆಯ ಕಟ್ಟಳೆಯನ್ನೂ ಮೀರಬಾರದಲ್ಲ. ಗುಳಿಗೆಯನ್ನೇ ತಡವಾಗಿ ತೆಗೆದುಕೊಳ್ಳಿ ಎಂದರೆ “ಹೊತ್ತು ತಪ್ಪುಸ್ಬ್ಯಾಡಿ ಅಂದವ್ರೆ” ಎನ್ನುತ್ತಿದ್ದರು. ಒಂದು ಬಾಳೆಹಣ್ಣಾದರೂ ತಿನ್ನಿ ಎಂದರೆ “ಹಣ್ಣಾದ್ರೆ ತುತ್ತಲ್ವಾ?” ಎಂದು ನನ್ನನ್ನೇ ಗದರುತ್ತಿದ್ದರು.

ಕಾಫಿ ಕುಯ್ಲಿನ ಒಂದು ಸಂಜೆ ಜೀಪು ತಡವಾಯಿತು. ಉಣಗೋಲಿನ ಹತ್ತಿರ ನಿಂತಿದ್ದ ಅತ್ತೆ ಇದ್ದಕ್ಕಿದ್ದಂತೆ ತೊದಲತೊಡಗಿದರು. ಆ ಚಳಿಯಲ್ಲೂ ಹಣೆಯಿಂದ ಬೆವರು ಸುರಿಯುತ್ತಿತ್ತು. ಕೈ ಹಿಡಿದರೆ ಗಡಗಡ ನಡುಗುತ್ತಿತ್ತು. ನಾನು ನೋಡನೋಡುತ್ತಿದ್ದ ಹಾಗೆ ಕುಸಿದುಬಿಟ್ಟರು. ಹೇಗೋ ಜಗಲಿಗೆ ಎಳೆದುತಂದು, ಬೆಲ್ಲ ಕದಡಿದ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಟ್ಟೆ. ಕಣ್ಣು ಬಿಟ್ಟವರು ಕೇಳಿದ ಮೊದಲ ಮಾತು “ಜೀಪ್ ಬಂತೇನೆ?”

ಮಾರನೆಯ ದಿನ ಡಾಕ್ಟರು ಬೈದರು. ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ತೀರಾ ಇಳಿದು ಹೀಗೇ ಆಗುವುದು, ಒಂದು ದಿನ ಬಿದ್ದವರು ಏಳುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಅತ್ತೆ ವಿಧೇಯ ಹುಡುಗಿಯ ಹಾಗೆ ತಲೆಯಾಡಿಸಿದರು. ಸಂಜೆ ನೋಡಿದರೆ ಮತ್ತೆ ಅಲ್ಲೇ ನಿಂತಿದ್ದಾರೆ!

ಆ ದಿನಗಳಲ್ಲಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಗಂಡ ಕಣಿವೆಗೆ ಬಿದ್ದ ಹಾಗೆ, ಅತ್ತೆ ಅಂಗಳದಲ್ಲಿ ಬಿದ್ದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ಸಕಲೇಶಪುರದಲ್ಲಿದ್ದ ನನ್ನ ಅಕ್ಕ ಇದನ್ನೆಲ್ಲ ಕೇಳಿ, ಅಲ್ಲಿನ ಒಂದು ಕಲ್ಯಾಣ ಮಂಟಪದಲ್ಲಿ ನಡೆಯುತ್ತಿದ್ದ ಧ್ಯಾನ ಶಿಬಿರಕ್ಕೆ ನನ್ನನ್ನು ಸೇರಿಸಿದಳು. ಹೊರಗಿನಿಂದ ಬಂದಿದ್ದ ಗುರುಗಳು ಬಹಳ ಚೆನ್ನಾಗಿ ಮಾತಾಡಿದರು. ಚಪ್ಪಲಿಯ ಜೊತೆ ಚಿಂತೆಯನ್ನೂ ಹೊರಗೆ ಬಿಟ್ಟು ಬನ್ನಿ, ಈಗ ನಿಮ್ಮ ಮನಸ್ಸು ಶಾಂತವಾದ ಸರೋವರ ಎಂದರು. ಕಣ್ಣು ಮುಚ್ಚಿದರೆ ನನಗೆ ಸರೋವರ ಕಾಣಲಿಲ್ಲ, ಜೀಪಿನ ಬ್ರೇಕು ಕಂಡಿತು. ಪ್ರಶ್ನೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ.

“ಗುರುಗಳೇ, ನಾನು ಚಿಂತೆ ಬಿಟ್ಟೆ ಅಂತಲೇ ಇಟ್ಕೊಳ್ಳಿ. ಮನೇಲಿ ಅತ್ತೆ ಊಟ ಬಿಟ್ಟು ಕೂತಿದ್ದಾರಲ್ಲ, ಅದಕ್ಕೇನು ಮಾಡ್ಲಿ?”

ಉಸಿರಿನ ಮೇಲೆ ಗಮನವಿಡಿ ತಾಯಿ ಎಂದರು. ಸುತ್ತಲಿದ್ದವರು ನಕ್ಕರು. ಅಕ್ಕ ಸೆರಗು ಹಿಡಿದೆಳೆದು ಕೂರಿಸಿದಳು. ಸಿಟ್ಟು ನೆತ್ತಿಗೇರಿತ್ತು, ಮಾರನೆಯ ದಿನ ಹೋಗಲಿಲ್ಲ. ಹೋದವರಿಗೆ ಅಲ್ಲಿ ನೆಮ್ಮದಿ ಸಿಕ್ಕಿದ್ದರೆ ಸಿಕ್ಕಿರಲಿ, ನಾನು ಬೇಡ ಎನ್ನುವುದಿಲ್ಲ. ನನ್ನ ಹಸಿವಿನ ಹೊತ್ತು ಆ ಗುರುಗಳಿಗೆ ಗೊತ್ತಿರಲಿಲ್ಲ, ಅಷ್ಟೆ.

ಊರಿಗೆ ಬಂದ ಎರಡನೆಯ ಸಂಜೆಯೋ ಮೂರನೆಯ ಸಂಜೆಯೋ, ದೇವರ ಮುಂದೆ ದೀಪ ಹಚ್ಚಿದೆ. ಎಂದಿನ ಹಾಗೆ ಜೀಪು ಕಾಪಾಡಪ್ಪ, ಗಂಡನ್ನ ಕಾಪಾಡಪ್ಪ ಎಂದು ಶುರು ಮಾಡಬೇಕು, ಮಾತೇ ಹೊರಡಲಿಲ್ಲ. ಇಷ್ಟು ವರ್ಷ ದಿನಾ ಅದನ್ನೇ ಹೇಳಿದ್ದೇನೆ. ದೇವರೇನು ಕಿವುಡನೇ? ಕೇಳಿಸಿದ್ದರೆ ಮತ್ತೆ ಹೇಳುವುದೇಕೆ, ಕೇಳಿಸಿಲ್ಲದಿದ್ದರೆ ಇವತ್ತು ಕೇಳಿಸುತ್ತದೆಂಬ ಖಾತ್ರಿಯೇನು? ಹೀಗೆ ಅಂದುಕೊಂಡವಳು ಏನೂ ಬೇಡದೆ ಸುಮ್ಮನೆ ಕೂತೆ. ಬತ್ತಿ ಸ್ವಲ್ಪ ಚಟಚಟ ಎಂದು ಆಮೇಲೆ ನೆಟ್ಟಗೆ ಉರಿಯಿತು. ಕೊಟ್ಟಿಗೆಯಲ್ಲಿ ಹಸು ಮೈ ಕೊಡವಿಕೊಂಡಿತು. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಎದ್ದಾಗ ಮೈ ಹಗುರವಾಗಿತ್ತು, ಹೊಟ್ಟೆ ಹಸಿದಿತ್ತು. ಜೀಪು ಬಂದಿರಲಿಲ್ಲ.

ಅಡುಗೆಮನೆಗೆ ಹೋಗಿ ಎರಡು ತಟ್ಟೆ ಹಾಕಿದೆ. ಕಡುಬಿನ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ರಾಚಿತು. ಸಾರು ಬಡಿಸಿ, ಮೇಲೆ ಒಂದು ಮಿಳ್ಳೆ ತುಪ್ಪ ಬಿಟ್ಟು, ಅತ್ತೆಯನ್ನು ಕೂಗಿದೆ. ಅವರು ಒಳಗೆ ಬರುವಷ್ಟರಲ್ಲಿ ನಾನು ಮೊದಲ ತುತ್ತು ನುಂಗಿಯಾಗಿತ್ತು. ಆ ರುಚಿಯನ್ನು ಏನೆಂದು ಹೇಳಲಿ! ಕಣ್ಣಲ್ಲಿ ನೀರು ಬಂತು. ಬಿಸಿಗೋ ಸಂತೋಷಕ್ಕೋ ಗೊತ್ತಾಗಲಿಲ್ಲ.

ಅತ್ತೆ ಬಾಗಿಲಲ್ಲೇ ಕಲ್ಲಾಗಿ ನಿಂತರು.

“ಉಂಡ್‌ಬುಟ್ಯಾ?”

“ಹೂಂ, ಉಣ್ತಾ ಇದೀನಿ. ನೀವೂ ಕೂತ್ಕಳಿ ಅತ್ತೆ. ಗುಳಿಗೆ ನುಂಗಿದೀರ.”

“ನಿನ್ ಗಂಡ ಇನ್ನೂ ದಾರೀಲವ್ನೆ ಕಣೆ! ದೇವ್ರ ತಾವ ಏನ್ ಕೇಳ್ಕಂಡು ಬಂದೆ ನೀನು?”

“ಏನೂ ಕೇಳ್ಕಳ್ಲಿಲ್ಲ.”

“ಏನೂ ಕೇಳ್ಕಳ್ಲಿಲ್ವಾ! ಅಯ್ಯೋ ಶಿವ್ನೆ, ಮತ್ತೆ ಅಷ್ಟೊತ್ತು ಏನ್ ಮಾಡ್ತಿದ್ದೆ ಅಲ್ಲಿ?”

“ಸುಮ್ನೆ ಕೂತಿದ್ದೆ. ಚೆನ್ನಾಗಿತ್ತು.”

ಅತ್ತೆ ಗೋಡೆ ಹಿಡಿದು ಅಲ್ಲೇ ಕೂತರು. ಬೈಯುತ್ತಾರೆ ಎಂದುಕೊಂಡಿದ್ದೆ, ಅಳತೊಡಗಿದರು. ಆವತ್ತು ಅವರು ಹೇಳಿದ್ದನ್ನು ಅದಕ್ಕೆ ಮೊದಲು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಮ್ಮ ಮಾವ ತೀರಿಕೊಂಡದ್ದು ನಾನು ಮದುವೆಯಾಗಿ ಬರುವ ಮೊದಲು. ಕಾಫಿ ಮೂಟೆ ಹೇರಿದ ಲಾರಿಯಲ್ಲಿ ಹೋದವರು ವಾಪಸು ಬರುವಾಗ ಕೆಳಗಿನ ತಿರುವಿನಲ್ಲಿ ಬ್ರೇಕು ಹಿಡಿಯದೆ ಲಾರಿ ಮಗುಚಿತ್ತು. ಅಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆಯಿತ್ತು.

“ಅವತ್ತು ಪಕ್ಕದ ಮನೇಲಿ ಮಗೀಗೆ ಹೆಸ್ರಿಟ್ರು. ಒಬ್ಬಟ್ಟು ಮಾಡಿದ್ರು. ಎಲ್ರೂ ಕೂತ್ಕ ಕೂತ್ಕ ಅಂದ್ರು, ಕೂತ್ಕಂಡೆ. ನಾನು ಇಲ್ಲಿ ಒಬ್ಬಟ್ಟು ಮುರ್ಕಂಡು ತಿಂತಾ ಇವ್ನಿ, ಅವ್ರು ಅಲ್ಲಿ...”

ಈ ಕಟ್ಟಳೆ ಆ ಮನೆಯಲ್ಲಿ ತಲೆತಲಾಂತರದಿಂದ ಬಂದದ್ದು ಎಂದು ನಾನು ನಂಬಿದ್ದೆ. ಅಲ್ಲ, ಅದು ಆವತ್ತಿನಿಂದ ಶುರುವಾದದ್ದು. ತಾನು ಉಂಡದ್ದಕ್ಕೆ ಗಂಡ ಹೋದರು ಎಂದು ಈ ಹೆಂಗಸು ಅಷ್ಟು ವರ್ಷ ಒಳಗೊಳಗೇ ಬೆಂದಿದ್ದಾರೆ. ನನಗೆ ಅಯ್ಯೋ ಎನಿಸಿತು, ಅದರ ಹಿಂದೆಯೇ ರೇಗಿಯೂ ಹೋಯಿತು.

“ನೀವು ಒಬ್ಬಟ್ಟು ತಿಂದಿದ್ದು ಲಾರಿಗೆ ಹೆಂಗೆ ಗೊತ್ತಾಯ್ತು ಅತ್ತೆ? ಬ್ರೇಕ್ ನೋಡ್ಕಳ್ದೆ ಇದ್ದೋನು ನೆಮ್ಮದಿಯಾಗಿರ್ಲಿ, ನೀವು ಜೀವಮಾನವೆಲ್ಲ ಉಪವಾಸ ಇರಿ! ಯಾವ ದೇವ್ರು ಮಾಡ್ದ ನ್ಯಾಯ ಇದು?”

“ನಿಂಗೇನ್ ಗೊತ್ತೈತೆ, ಸುಮ್ಕಿರೆ” ಎಂದು ಕಣ್ಣೊರೆಸಿಕೊಂಡು ಹೊರಗೆ ಹೊರಟೇಬಿಟ್ಟರು. ಅವರ ತಟ್ಟೆ ಹಾಗೇ ಉಳಿಯಿತು. ನಾನು ನನ್ನ ಊಟ ಮುಗಿಸಿಯೇ ಎದ್ದೆ. ಆಮೇಲೆ ಬೆಲ್ಲದ ಡಬ್ಬಿ ಹಿಡಿದುಕೊಂಡು ಅವರ ಪಕ್ಕದಲ್ಲಿ ಹೋಗಿ ನಿಂತೆ.

ಅಲ್ಲಿಂದ ಮುಂದೆ ದಿನಾ ಇದೇ. ನಾನು ದೀಪ ಹಚ್ಚಿ ಸುಮ್ಮನೆ ಕೂರುವುದು, ಎರಡು ತಟ್ಟೆ ಹಾಕುವುದು, ಒಂದರಲ್ಲಿ ಉಣ್ಣುವುದು. ಸುದ್ದಿ ಗುಡ್ಡವೆಲ್ಲ ಹಬ್ಬಿತು. ಕಾಫಿ ಕುಯ್ಯುವಲ್ಲಿ, ನೀರಿನ ಹತ್ತಿರ, ಮದುವೆ ಮನೆಯಲ್ಲಿ ನನ್ನದೇ ಮಾತು. ಗಂಡ ದಾರಿಯಲ್ಲಿರುವಾಗ ತುಪ್ಪ ಹಾಕಿಕೊಂಡು ಉಣ್ಣುವವಳು! ಒಬ್ಬಾಕೆಯಂತೂ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

“ನಿಂಗೆ ಭಯ ಆಗಾಕಿಲ್ವೇನವ್ವ?”

“ಆಗ್ತದೆ. ಹಸ್ಕಂಡ್ರೆ ಇನ್ನೂ ಜಾಸ್ತಿ ಆಗ್ತದೆ” ಎಂದೆ.

ಅದು ನಿಜವೂ ಆಗಿತ್ತು. ನಾನೇನು ಹೆದರಿಕೆ ಗೆದ್ದ ಯೋಗಿನಿಯಲ್ಲ. ಮಂಜು ಕವಿದ ಸಂಜೆ ತುತ್ತಿಗೊಂದು ಸಲ ಕಿಟಕಿಯ ಕಡೆ ನೋಡುತ್ತಿದ್ದೆ. ಆದರೆ ಚಿಂತೆ ಬಾಗಿಲಲ್ಲಿ ನಿಂತಿದ್ದರೆ ನಿಂತಿರಲಿ, ನನ್ನ ತಟ್ಟೆಗೆ ಕೈ ಹಾಕುವುದು ಬೇಡ ಎಂದು ಹಠ ಹಿಡಿದಿದ್ದೆ. ದೀಪದ ಮುಂದಿನ ಆ ಒಂದಿಷ್ಟು ಹೊತ್ತು, ಆಮೇಲಿನ ಒಂದು ಬಿಸಿ ಊಟ, ಇಷ್ಟು ನನ್ನದು. ಇದಕ್ಕಾಗಿ ಯಾರ ಕಾಲೂ ಹಿಡಿಯುವುದಿಲ್ಲ, ಯಾರಿಗೂ ಸಮಜಾಯಿಷಿ ಕೊಡುವುದಿಲ್ಲ ಎಂದುಕೊಂಡಿದ್ದೆ. ಅತ್ತೆಯನ್ನು ಮಾತ್ರ ಒಪ್ಪಿಸಲು ಆಗಲಿಲ್ಲ. ಅವರು ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಇನ್ನೊಂದೆರಡು ಸಲ ಕೈ ನಡುಕ ಬಂದು ನಾನು ಬೆಲ್ಲ ತಿನ್ನಿಸಿದ್ದೂ ಆಯಿತು. ಅದನ್ನು ಔಷಧಿ ಎಂದು ತಿನ್ನುತ್ತಿದ್ದರು, ಅಷ್ಟೆ.

ಯಜಮಾನರು ಇದ್ಯಾವುದಕ್ಕೂ ತಲೆ ಹಾಕಲಿಲ್ಲ. “ಎಂಥ ಗಲಾಟೆ ಮಾರಾಯ್ತಿ ನಿಮ್ಮಿಬ್ಬರದ್ದು” ಎಂದು ಉಂಡು ಮಲಗುತ್ತಿದ್ದರು. ಅವರಿಗೆ ನನ್ನ ಮೇಲೆ ಬೇಸರವಿದೆ ಎಂದೇ ನಾನು ತಿಳಿದಿದ್ದೆ.

ಕುಯ್ಲು ಮುಗಿಯುತ್ತಾ ಬಂದಿತ್ತು. ಒಂದು ಸಂಜೆ ನಾನು ಊಟ ಮುಗಿಸಿ ಅತ್ತೆಯ ಪಕ್ಕದಲ್ಲಿ ನಿಂತಿದ್ದೆ. ಕೆಳಗಿನಿಂದ ಜೀಪಿನ ಸದ್ದು ಕೇಳಿಸಿತು. ನಮ್ಮದೇ ಜೀಪು, ಆದರೆ ಬಂದರೆ ಸಾಕು ಎಂದು ಕಾಯುತ್ತಿದ್ದವಳಿಗೆ ಅದು ಆ ಏರಿನಲ್ಲಿ ಎಷ್ಟು ಅಬ್ಬರಿಸಿಕೊಂಡು ಬರುತ್ತದೆ ಎಂಬುದು ಕಿವಿಗೆ ಬಿದ್ದದ್ದು ಅದೇ ಮೊದಲು. ಆಮೇಲೆ ಕಿರ್ರೆಂದು ಬ್ರೇಕಿನ ಸದ್ದು, ತಗಡು ತರಚಿದ ಸದ್ದು, ಜನ ಕೂಗಿಕೊಂಡದ್ದು. ಆಮೇಲೆ ಏನೂ ಇಲ್ಲ.

ಅತ್ತೆಯ ಬಾಯಿಂದ ಹರಕೆಯೂ ಹೊರಡಲಿಲ್ಲ. ನನ್ನ ತೋಳು ಹಿಡಿದಿದ್ದ ಅವರ ಉಗುರು ಚರ್ಮಕ್ಕೆ ನಾಟಿತ್ತು. ನಾನು ಆಗ ತಾನೇ ಉಂಡು ಕೈ ತೊಳೆದು ಬಂದಿದ್ದೆ. ನಾನು ಉಂಡದ್ದಕ್ಕೇ ಹೀಗಾಯಿತೇ ಎಂಬ ಯೋಚನೆ ನನ್ನ ತಲೆಗೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಜೀವ ಕೈಯಲ್ಲಿ ಹಿಡಿದು ನಿಂತೆವು.

ಸ್ವಲ್ಪ ಹೊತ್ತಿಗೆ ಇಂಜಿನ್ ಮತ್ತೆ ಗುರುಗುಟ್ಟಿತು. ಜೀಪು ನಿಧಾನವಾಗಿ ಹತ್ತಿ ಬಂತು. ಎಡಗಡೆಯ ಮಡ್‌ಗಾರ್ಡು ನೆಗ್ಗಿ ದರೆಯ ಮಣ್ಣು ಮೆತ್ತಿಕೊಂಡಿತ್ತು. ಜನಕ್ಕೆ ಏನೂ ಆಗಿರಲಿಲ್ಲ. ದರೆಯ ಕಡೆಗೆ ತಿರುಗಿತ್ತು ಎಂಬುದೇ ಪುಣ್ಯ, ಇನ್ನೊಂದು ಕಡೆಗೆ ತಿರುಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಯಜಮಾನರು ಇಳಿದು ಬಂದರು. ಮುಖ ಬಿಳುಚಿಕೊಂಡಿತ್ತು. ಅತ್ತೆ ಮಗನ ಮೈಯೆಲ್ಲ ತಡವಿ ನೋಡಿ, ತಟ್ಟನೆ ಬೆನ್ನಿಗೊಂದು ಗುದ್ದಿದರು.

“ಯಾಕ್ ಹಂಗ್ ಓಡುಸ್ಕಂಡ್ ಬರ್ತೀಯೋ? ಯಾವ ಅರ್ಜೆಂಟೋ ನಿಂಗೆ?”

ಅವರು ಯಾವತ್ತೂ ತಾಯಿಗೆ ಎದುರಾಡಿದವರಲ್ಲ. ಆವತ್ತು ಅಂಗಳದಲ್ಲೇ ಕೂಗಿಬಿಟ್ಟರು.

“ನೀನು ಕಣವ್ವ ಅರ್ಜೆಂಟು! ಗುಳಿಗೆ ನುಂಗಿ ಹೊಟ್ಟೆಗಿಲ್ದೆ ಇಲ್ಲಿ ನಿಂತಿರ್ತೀಯ. ಏಳು ಗಂಟೆ ಆಯ್ತು ಅಂದ್ರೆ ನನ್ ಕಾಲು ಆ್ಯಕ್ಸಿಲರೇಟರ್ ಮ್ಯಾಲಿಂದ ಏಳಾಕಿಲ್ಲ. ಬಿದ್‌ಬುಟ್ಲೇನೋ, ಸತ್‌ಬುಟ್ಲೇನೋ ಅಂತ ಒಂದೊಂದು ತಿರುವೂ ಹಂಗೇ ಹತ್ತುಸ್ಕಂಡು ಬರ್ತೀನಿ. ಇವ್ಳು ಉಂಡಿರ್ತಾಳೆ ಅಂತ ಗೊತ್ತಾದ ಮ್ಯಾಲೆ ಒಬ್ಬಳ ಚಿಂತೆ ತಪ್ತು ನಂಗೆ. ನಿಂದು ಯಾವಾಗ ತಪ್ಸ್ತೀಯ?”

ಕಾದು ಕಾದು ನಾವೇ ಅವರನ್ನು ಆ ಕಣಿವೆಯ ಅಂಚಿಗೆ ತಳ್ಳುತ್ತಿದ್ದೆವು, ಅದೂ ಪ್ರೀತಿಯ ಹೆಸರಿನಲ್ಲಿ. ಅತ್ತೆ ಮಗನ ಮುಖವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಒಳಗೆ ಹೋಗಿ ಮಲಗಿದರು. ಒತ್ತಾಯ ಮಾಡಿ ಒಂದು ಲೋಟ ಗಂಜಿ ಕುಡಿಸಿದೆ.

ಮಾರನೆಯ ದಿನ ಸಂಜೆ ನಾನು ದೀಪದ ಮುಂದೆ ಕೂತಾಗ ಅತ್ತೆ ಹಿಂದೆ ಬಂದು ಕೂತದ್ದು ಸೀರೆಯ ಸದ್ದಿನಲ್ಲಿ ತಿಳಿಯಿತು. ಹರಕೆ ಶುರುವಾಗುತ್ತದೆಂದು ಕಾದೆ, ಆಗಲಿಲ್ಲ. ಇಬ್ಬರೂ ಹಾಗೇ ಕೂತಿದ್ದೆವು. ಅಡುಗೆಮನೆಯಲ್ಲಿ ಎರಡು ತಟ್ಟೆ ಹಾಕಿದೆ. ಅವರು ಗುಳಿಗೆ ನುಂಗಿ, ತಟ್ಟೆಯ ಮುಂದೆ ಕೂತು, ಕಡುಬು ಮುರಿದರು. ಮುರಿದ ತುಂಡು ಬೆರಳಲ್ಲೇ ನಿಂತಿತು. ಕಿವಿ ರಸ್ತೆಯ ಕಡೆಗಿತ್ತು. ಹೊರಗೆ ಮಂಜು ಇಳಿಯುತ್ತಿತ್ತು, ಕೆಳಗಿನಿಂದ ಯಾವ ಸದ್ದೂ ಇರಲಿಲ್ಲ.

“ಏನಾದ್ರೂ ಆದ್ರೆ ನೀನೇ ಕಣೆ ಜವಾಬ್ದಾರಿ” ಎಂದರು.

“ಆಯ್ತು. ನನ್ನ ತಲೆ ಮೇಲೇ ಹಾಕಿ. ನೀವು ಉಣ್ಣಿ.”

ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತುತ್ತು ಬಾಯಿಗಿಟ್ಟರು. ಅಗಿಯುತ್ತಾ ಅಗಿಯುತ್ತಾ ಕೆನ್ನೆಯ ಮೇಲೆ ನೀರು ಹರಿಯಿತು. ನಾನು ಒರೆಸಲು ಹೋಗಲಿಲ್ಲ. ಎರಡು ಕಡುಬೂ ಖಾಲಿಯಾದವು. ಜೀಪು ಬಂದದ್ದು ಅದಾಗಿ ಎಷ್ಟೋ ಹೊತ್ತಿನ ಮೇಲೆ. ಯಜಮಾನರು ಹಾರ್ನ್ ಹೊಡೆದರು, ಉಣಗೋಲು ತೆಗೆಯಲು ಅಲ್ಲಿ ಯಾರೂ ಇರಲಿಲ್ಲ. ತಾವೇ ಇಳಿದು ಗಳು ಸರಿಸಿದ್ದು ಒಳಗೆ ಕೇಳಿಸಿತು. ಅತ್ತೆ ಎದ್ದು ಓಡಲಿಲ್ಲ, ಕೂತಲ್ಲೇ ಕೂತು ಬೆರಳು ನೆಕ್ಕಿಕೊಂಡರು.

ಮರುದಿನ ಬೆಳಿಗ್ಗೆ ಜೀಪು ಹೊರಡುವ ಹೊತ್ತಿಗೆ ಅತ್ತೆ ಅಂಗಳಕ್ಕೆ ಇಳಿದು ಹೋದರು. ಅಷ್ಟು ವರ್ಷವೂ ಆ ಹೊತ್ತಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು, ಬೇಗ ಬಾ ಎಂದು. ಆವತ್ತು ಜೀಪಿನ ಬಾಗಿಲು ಹಿಡಿದು ನಿಂತರು. ಹಿಂದೆ ಕೂತಿದ್ದ ಜನರೂ ಕತ್ತು ಚಾಚಿ ನೋಡಿದರು.

“ನಿಧಾನಕ್ಕೆ ಬಾರಪ್ಪ,” ಎಂದರು. “ನಾನು ಉಂಡಿರ್ತೀನಿ.”